ತಾನೇ ಕಂಡ ನವರಂಗ

ಕಳ್ಳಕವಟಗಿಯ ನಿಂಬೆ ತೋಟದಲ್ಲಿ ರಾಜಾರಾಮ ಮುಳ್ಳಿನ ರಾಶಿಯ ಮೇಲೆ ಕುಳಿತದ್ದು ಬೇಕೆಂದೇನಲ್ಲ. ಅವನು ಹಿಂದಹಿಂದಕ್ಕೆ ನಡೆಯುತ್ತಿದ್ದ, ಕಣ್ಣು ಮುಚ್ಚಿದ್ದ, ಎರಡೂ ಕಿವಿಗಳಲ್ಲಿ ಬೆರಳು ತುರುಕಿಕೊಂಡಿದ್ದ. ಇಂಥ ಸ್ಥಿತಿಯಲ್ಲಿ ಮನುಷ್ಯ ಎಲ್ಲಾದರೊಂದು ಕಡೆ ಕೂರಲೇಬೇಕು. ತೋಟದವರು ಸವರಿ ಒಟ್ಟಿದ್ದ ನಿಂಬೆ ಕಂಟಿ ಅವನನ್ನು ಕೂರಿಸಿಕೊಂಡಿತು, ಅಷ್ಟೇ.

ಇಷ್ಟಕ್ಕೆಲ್ಲ ಕಾರಣ ಕುರಿ ಕಾಯುವ ಅಮೋಘಿ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಆತ, “ಸಾಹೇಬ್ರ, ಇಲ್ಲಿ ನೋಡ್ರಿ, ಗಿಡದ ಬುಡಕ ಎಂಥಾ ಚಂದದ ಹಕ್ಕಿ ಕುಂತೈತಿ” ಎಂದಿದ್ದ. ಕೊರಳಲ್ಲಿ ದುರ್ಬೀನು ಹಾಕಿಕೊಂಡು ತಿರುಗುವವನಿಗೆ ಹಕ್ಕಿ ತೋರಿಸಿದರೆ ಖುಷಿಪಡುತ್ತಾನೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ರಾಜಾರಾಮನಿಗೆ ಕಂಡವರು ಕಂಡ ಹಕ್ಕಿ ಬೇಡ. ತಾನೇ ಹುಡುಕಿ, ತಾನೇ ಕಂಡು, ತಾನೇ ಗುರುತು ಹಿಡಿದರೆ ಮಾತ್ರ ಹಕ್ಕಿಯ ಮೇಲೆ ತನಗೆ ಹಕ್ಕು. ಇನ್ನೊಬ್ಬರು ಬೆರಳು ಮಾಡಿ ತೋರಿಸಿದ್ದು ಇನ್ನೊಬ್ಬರು ಕಚ್ಚಿಟ್ಟ ಪೇರಲಹಣ್ಣಿದ್ದಂತೆ.

ಆ ಸಂಜೆ ವಿಜಯಪುರದ ಮನೆಯಲ್ಲಿ ಅವನು ಬೋರಲಾಗಿ ಮಲಗಿದ್ದ. ಹೆಂಡತಿ ವಿಶಾಖಾ ಚಿಮಟ ಹಿಡಿದು ಒಂದೊಂದೇ ಮುಳ್ಳು ಕೀಳುತ್ತಿದ್ದಳು. ಚಿಮಟಕ್ಕೆ ಸಿಗದ ಮುಳ್ಳು ಬೇರೆಯೇ ಇತ್ತು. ಕೈಹಿಡಿದು ಎಬ್ಬಿಸುವಾಗ ಅಮೋಘಿ ಆ ಹಕ್ಕಿಯ ವರ್ಣನೆಯನ್ನೂ ಕೊಟ್ಟುಬಿಟ್ಟಿದ್ದ: ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದ ಬುಡಕ್ಕೆ ಕೆಂಪು, ಬಾಲ ಮಾತ್ರ ಮೋಟು. ನವರಂಗ! ಮುಂಗಾರಿನ ಹೊತ್ತಿಗೆ ದಕ್ಷಿಣದಿಂದ ಬಂದು, ಈ ಬಯಲಿನಲ್ಲಿ ಎಲ್ಲೋ ನೆರಳು ಕಂಡಲ್ಲಿ ದಣಿವಾರಿಸಿಕೊಂಡು, ಮತ್ತೆ ಉತ್ತರಕ್ಕೆ ಹೋಗುವ ಹಕ್ಕಿ. ತಲೆಗೂದಲು ಕಪ್ಪಗಿದ್ದಾಗಿನಿಂದ ರಾಜಾರಾಮ ಹುಡುಕುತ್ತಿದ್ದ ಹಕ್ಕಿ. ಅದು ನಾಲ್ಕು ಮಾರು ದೂರದಲ್ಲಿದ್ದಾಗ ಅವನು ಕಣ್ಣು ಮುಚ್ಚಿಕೊಂಡಿದ್ದ.

“ಒಂದೀಟು ಕಣ್ಣು ತೆಗದಿದ್ರ ಏನಾಗ್ತಿತ್ರಿ?” ಎಂದಳು ವಿಶಾಖಾ.

“ಅಮೋಘಿದಾಗ್ತಿತ್ತು,” ಎಂದ ದಿಂಬಿನೊಳಗಿಂದ.

ತಿಕೋಟಾದ ಹತ್ತಿರ ಮಣೂಕ, ಅಂದರೆ ಒಣದ್ರಾಕ್ಷಿ, ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವನು ಮೇಲ್ವಿಚಾರಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಬರುವ ಹಕ್ಕಿಗಳನ್ನು ಡಬ್ಬಿ ಬಡಿದು ಓಡಿಸುವುದೂ ಅವನ ಪಾಲಿಗೆ ಬಂದಿತ್ತು. ಓಡಿಸುವ ಮೊದಲು ಬಂದವರು ಯಾರೆಂದು ತಿಳಿಯಬೇಡವೇ ಎಂದು ಒಂದು ದುರ್ಬೀನು ತಂದ. ದುರ್ಬೀನು ಬಂದದ್ದೇ ಓಡಿಸುವ ದುರ್ಬುದ್ಧಿ ಹೋಯಿತು. ಅಂದಿನಿಂದ ರವಿವಾರವೆಂದರೆ ಹಕ್ಕಿ.

ತಾನೇ ಕಾಣಬೇಕೆಂಬ ಈ ಹಟ ಎಲ್ಲಿಂದ ಬಂತೆಂದು ವಿಶಾಖಾಳಿಗೆ ಗೊತ್ತು. ಅಣ್ಣತಮ್ಮಂದಿರಲ್ಲಿ ಕಡೆಯವನು ಅವನು. ಅಂಗಿ ಅಣ್ಣ ಹಾಕಿ ಬಿಟ್ಟದ್ದು, ಪಾಟಿ ಅಣ್ಣ ಒಡೆದದ್ದು, ಸಾಲಿ ಪುಸ್ತಕದಲ್ಲಿ ಲೆಕ್ಕ ಕೂಡ ಅಣ್ಣ ಬಿಡಿಸಿಟ್ಟದ್ದು, ಅದೂ ತಪ್ಪು. ಯಾರೂ ಮುಟ್ಟಿರದ ಒಂದು ವಸ್ತು ಅವನಿಗೆ ಮೊದಲ ಸಲ ಸಿಕ್ಕಿದ್ದು ದುರ್ಬೀನಿನೊಳಗೆ.

ಗೋಳಗುಮ್ಮಟದ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ ಯಾಕೂಬನಿಗೆ ಇದೆಲ್ಲ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಹಕ್ಕಿಯ ಸುದ್ದಿ ಬಂದರೆ ಸಾಕು, ಕ್ಯಾಮೆರಾ ಎತ್ತಿಕೊಂಡು ಬೈಕು ಹತ್ತುವವನು. ನವರಂಗದ ಫೋಟೋ ಅವನ ಸ್ಟುಡಿಯೋದ ಗೋಡೆಯ ಮೇಲೇ ಇದೆ. ರಾಜಾರಾಮ ಅಲ್ಲಿಗೆ ಹೋದಾಗ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಾನೆ. ವಾಟ್ಸಾಪ್ ಗ್ರೂಪನ್ನಂತೂ ಯಾವಾಗಲೋ ಬಿಟ್ಟಾಗಿತ್ತು. ಒಮ್ಮೆ ಬಬಲೇಶ್ವರದ ರಸ್ತೆಯಲ್ಲಿ ಇಬ್ಬರೂ ಹೋಗುತ್ತಿದ್ದಾಗ ಯಾಕೂಬನಿಗೆ ಹಾಲಕ್ಕಿಯೊಂದು ಕಂಡು, ಬಾಯಿಗೆ ಬಂದ ಮಾತನ್ನು ಕೆಮ್ಮಾಗಿ ತಿರುಗಿಸಿಕೊಂಡ. ಕೆಮ್ಮೂ ಸುಳಿವೇ ಎಂದು ರಾಜಾರಾಮ ತೀರ್ಪು ಕೊಟ್ಟ. ಅಂದಿನಿಂದ ಹಕ್ಕಿ ಕಂಡರೆ ಯಾಕೂಬ ಅದಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಬೇಕು. ಅವನು ಮುಖ ತಿರುಗಿಸಿದ್ದು ನೋಡಿ ಇವನಿಗೆ ಹಕ್ಕಿ ಯಾವ ಕಡೆಗಿದೆಯೆಂದು ತಿಳಿದುಬಿಡುತ್ತದೆ. ಮತ್ತೆ ಜಗಳ.

“ಲೇ ರಾಜಾ,” ಎಂದು ಯಾಕೂಬ ಚಹಾದಂಗಡಿಯಲ್ಲಿ ಒಮ್ಮೆ ಕೇಳಿದ್ದ, “ಗೋಳಗುಮ್ಮಟರ ನೀನ ಕಂಡಿಯೋ, ಇಲ್ಲಾ ಅದನ್ನೂ ಯಾರರ ತೋರಿಸಿದ್ರೋ?”

ರಾಜಾರಾಮ ನಗಲಿಲ್ಲ. ಬಶಿಯಲ್ಲಿದ್ದ ಚಹಾ ಆರುವವರೆಗೆ ವಿಚಾರ ಮಾಡಿ, “ಸಣ್ಣಾವಿದ್ದಾಗ ಸಂತ್ಯಾಗ ಅವ್ವನ ಕೈ ಬಿಟ್ಟು ತಪ್ಪಿಸಿಕೊಂಡಿದ್ದೆ. ಅವತ್ತ ನಾನ ಕಂಡೀನಿ” ಎಂದ.

ಅಂಥವನು ಮುಳ್ಳಿನ ಪ್ರಕರಣದ ಮರುದಿನ ದುರ್ಬೀನನ್ನು ಕಪಾಟಿನ ಮೇಲಿಟ್ಟ. ಸಾಕಾಯಿತು, ಈ ಹುಚ್ಚು ಬಿಟ್ಟೆ ಎಂದ. ಮುಂದಿನ ರವಿವಾರ ಮನೆಯಲ್ಲೇ ಉಳಿದು, ವಿಶಾಖಾಳಿಗೆ ರೊಟ್ಟಿ ಬಡಿಯುವುದು ಹೇಗೆಂದು ತಿಳಿಸಿಕೊಟ್ಟ. ಮಸಾಲೆ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ. ಅವಳಿಗೆ ಸಿಟ್ಟು ಬಂತು, ಆದರೆ ಸಂಜೆ ಇಬ್ಬರೂ ಪೇಟೆಗೆ ಹೊರಟಾಗ ಬೇರೊಂದು ಕಣ್ಣಿಗೆ ಬಿತ್ತು. ಮೇಲೊಂದು ಗಿಳಿಹಿಂಡು ಕೂಗಿಕೊಂಡು ಹೋದರೂ ಅವನು ತಲೆ ಎತ್ತಲಿಲ್ಲ. ಗಂಡ ಇಷ್ಟು ನೆಟ್ಟಗೆ ರಸ್ತೆ ನೋಡಿಕೊಂಡು ನಡೆದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅದನ್ನು ಅವಳಿಂದ ನೋಡಲಾಗಲಿಲ್ಲ.

ಅದರ ಮುಂದಿನ ರವಿವಾರ, ರಾತ್ರಿಯೆಲ್ಲ ಮಳೆ ಬಿದ್ದ ಬೆಳಗ್ಗೆ, ಅಡುಗೆಮನೆಯ ಕಿಟಕಿಯಿಂದ ವಿಶಾಖಾ ಹಿತ್ತಲನ್ನು ನೋಡಿದಳು. ಸೀತಾಫಲದ ಗಿಡದ ಬುಡದಲ್ಲಿ ಏನೋ ಒಂದು ತೊಯ್ದ ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತಿತ್ತು. ಹಸಿರು, ನೀಲಿ, ಕೆಂಪು, ಮೋಟು ಬಾಲ.

ಕರೆಯಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಕರೆದರೆ ಮುಗಿಯಿತು. ಹಕ್ಕಿ ಅವಳದಾಗುತ್ತದೆ, ಅವನು ಪಡಸಾಲೆಯಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಾನೆ, ದುರ್ಬೀನು ಕಪಾಟಿನ ಮೇಲೆಯೇ ಧೂಳು ತಿನ್ನುತ್ತದೆ. ಹೇಳದೆ ತೋರಿಸಬೇಕು. ತೋರಿಸಿದ್ದು ಅವನಿಗೆ ಗೊತ್ತಾಗಲೂ ಬಾರದು.

ಒಗ್ಗರಣೆಗೆ ಕರಿಬೇವು ಬೇಕೆಂದಳು. ರಾಜಾರಾಮ ಹಿತ್ತಲಿಗೆ ಹೋಗಿ, ಮೇಲಿನ ಟೊಂಗೆ ಎಳೆದು, ಕರಿಬೇವು ಹರಿದು ಬಂದ. ಮತ್ತೆ ಮಳೆ ಬರುವ ಹಾಗಿದೆ, ಈಗಷ್ಟೇ ತಂತಿಗೆ ಹಾಕಿದ ಬಟ್ಟೆ ತನ್ನಿ ಎಂದಳು. ಎಲ್ಲ ಬಟ್ಟೆಯನ್ನೂ ಮೂಗಿನವರೆಗೆ ಪೇರಿಸಿಕೊಂಡು, ಏನೂ ಕಾಣದೆ ಬಾಗಿಲಿಗೆ ಡಿಕ್ಕಿ ಹೊಡೆದು ಒಳಗೆ ಬಂದ. ಮಾಳಿಗೆ ಮೇಲಿನ ನೀರಿನ ಟಾಕಿ ತುಂಬಿದೆಯೇ ನೋಡಿ ಎಂದಳು. ಅವನು ಹಿತ್ತಲಲ್ಲಿ ನಿಂತು ಮಾಳಿಗೆಯ ಕಡೆ ಕತ್ತೆತ್ತಿ ನೋಡಿ, ತುಂಬಿದೆ ಎಂದ. ಹಕ್ಕಿ ಅವನ ಕಾಲಿನಿಂದ ಒಂದು ಕೋಲು ದೂರದಲ್ಲಿ ಎರೆಹುಳ ಎಳೆಯುತ್ತಿತ್ತು.

ತಾನು ಹೇಳಿದ ಕೆಲಸಗಳೆಲ್ಲ ಮೇಲೆ ನೋಡುವವೇ ಆದವಲ್ಲ ಎಂದು ವಿಶಾಖಾಳಿಗೆ ಆಗ ಹೊಳೆಯಿತು. ಕಿವಿಯ ಬೆಂಡೋಲೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಏನ್ರಿ, ಹಿತ್ತಲದಾಗ ನನ್ನ ಬೆಂಡೋಲಿ ಬಿದ್ದಾಂಗೈತಿ. ಸೀತಾಫಲದ ಗಿಡದ ಕಡೆ ನೋಡ್ರಿ.”

“ಮುಂಜಾನಿಂದ ನಿನ್ನ ಹಿತ್ತಲದ್ದ ಒಂದ ಗದ್ದಲಾತು,” ಎಂದು ಗೊಣಗುತ್ತ ರಾಜಾರಾಮ ಹೊರಗೆ ಹೋದ.

ಅವಳು ಕಿಟಕಿಗೆ ಹೋಗಲಿಲ್ಲ. ಅವನು ತಿರುಗಿ ನೋಡಿದರೆ ತನ್ನ ಮುಖವೇ ಸುಳಿವಾದೀತೆಂದು ಒಲೆಗೆ ಅಂಟಿಕೊಂಡು ನಿಂತಳು. ಹೊರಗೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅವನು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು, ಮಾತಿಲ್ಲದೆ ಸ್ಟೂಲು ಹತ್ತಿ ದುರ್ಬೀನು ಇಳಿಸಿಕೊಂಡು, ಮತ್ತೆ ಹೊರಗೆ ಹೋದ. ತಿರುಗಿ ಬಂದು ಪಿಸುದನಿಯಲ್ಲಿ ಹೇಳಿದ.

“ವಿಶಾಖಾ, ನವರಂಗ. ನಮ್ಮ ಹಿತ್ತಲದಾಗ. ನಾನ ಕಂಡೆ.”

“ಹೌದ್ರೀ?” ಎಂದಳು ಅವಳು, ಇಷ್ಟು ವರ್ಷದ ಸಂಸಾರದಲ್ಲಿ ಕಲಿತ ಅಷ್ಟೂ ಅಚ್ಚರಿಯನ್ನು ದನಿಯಲ್ಲಿ ತುಂಬಿ.

ಫೋನು ಹೋಯಿತು, ಯಾಕೂಬ ಬಂದ. ಹಕ್ಕಿ ಇನ್ನೂ ಅಲ್ಲೇ ಇತ್ತು. ಬಾಗಿಲ ಸಂದಿಯಿಂದ ಅದನ್ನು ನೋಡಿದ ಮೇಲೆ ಯಾಕೂಬ ಚಹಾ ಹಿಡಿದು ಕುಳಿತು ವಕೀಲನಂತೆ ವಿಚಾರಣೆ ಶುರು ಮಾಡಿದ. ಬಹಳ ದಿನದ ಬಾಕಿ ತೀರಿಸಿಕೊಳ್ಳಲು ಅವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಯಾರಾದರೂ ಫೋನು ಮಾಡಿದ್ದರೇ? ಇಲ್ಲ. ಓಣಿಯವರು ಕೂಗಿದ್ದರೇ? ಇಲ್ಲ. ವಿಶಾಖಾ ವೈನಿ ಕೆಮ್ಮಿದ್ದರೇ? ಇಲ್ಲ.

“ಹಂಗಾದ್ರ ಇಷ್ಟು ದೊಡ್ಡ ಹಿತ್ತಲದಾಗ ಸರಿಯಾಗಿ ಆ ಗಿಡದ ಬುಡಕ ಯಾಕ ನೋಡಿದೆಲೇ?”

ವಿಶಾಖಾಳ ಕೈ ತಾನಾಗಿ ಕಿವಿಗೆ ಹೋಯಿತು. ಬೆಂಡೋಲೆ ಅಲ್ಲೇ ಇತ್ತು. ಗಡಿಬಿಡಿಯಲ್ಲಿ ಯಾವಾಗಲೋ ಹಾಕಿಕೊಂಡುಬಿಟ್ಟಿದ್ದಳು. ಗಂಡ ಸುಳ್ಳು ಹೇಳುವವನಲ್ಲ. ಈಗ ಬೆಂಡೋಲೆಯ ಮಾತು ಬರುತ್ತದೆ, ಅದರ ಹಿಂದೆ ಟಾಕಿ, ಬಟ್ಟೆ, ಕರಿಬೇವು ಎಲ್ಲ ಸಾಲುಗಟ್ಟಿ ಬರುತ್ತವೆ, ದುರ್ಬೀನು ಮತ್ತೆ ಕಪಾಟು ಹತ್ತುತ್ತದೆ ಎಂದುಕೊಂಡಳು.

ರಾಜಾರಾಮ ಕೊರಳಲ್ಲಿದ್ದ ದುರ್ಬೀನನ್ನು ಸವರುತ್ತ ಸ್ವಲ್ಪ ಹೊತ್ತು ವಿಚಾರ ಮಾಡಿದ. ಮುಖದ ಮೇಲಿನ ನಗು ಮೆಲ್ಲಗೆ ಕರಗಿತು.

“ಗೋಡಿ ಮ್ಯಾಲ ಬಾಜೂಮನಿ ಹಸೀನಾ ಅವರ ಬೆಕ್ಕು ಕುಂತು ಅಲ್ಲೇ ನೋಡಾಕತ್ತಿತ್ತು,” ಎಂದ. “ಅದು ಏನ ನೋಡತೈತಿ ಅಂತ ನಾನೂ ನೋಡಿದೆ. ಹಕ್ಕಿ ಬೆಕ್ಕಿಂದು. ಮುಂದಿನ ಐತವಾರ ಬಬಲೇಶ್ವರದ ಕಡೆ ಹೋಗೂಣು ನಡಿ.”