ಟ್ಯಾಬ್ ಗುಂಡಿ ಕರೆದುಕೊಂಡು ಹೋದ ಜಾಗ

ನಿಮ್ಮಪ್ಪ ಎಡಚ. ಹಾಗಾಗಿ ಯಲಹಂಕದ ನಮ್ಮ ಮನೆಯ ಕಂಪ್ಯೂಟರಿನ ಮೌಸ್ ಯಾವತ್ತೂ ಎಡಗಡೆಗೇ ಇರುತ್ತಿತ್ತು. ಅದರ ವೈರು ಗಿಡ್ಡ, ಬಲಗಡೆಗೆ ಎಳೆದರೆ ಬರುತ್ತಿರಲಿಲ್ಲ. ಅಕ್ಷರ ಇರುವ ವಸ್ತುವನ್ನು ಎಡಗೈಯಲ್ಲಿ ಮುಟ್ಟಬಾರದೆಂದು ಹೆಸರಘಟ್ಟದ ಕಡೆಯ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದು ನನ್ನ ಕೈಯಲ್ಲಿ ಇನ್ನೂ ಕೂತಿತ್ತು. ಬಲಗೈ ಚಾಚಿ ಹಿಡಿದರೆ ಪರದೆಯ ಬಾಣ ಬೆದರಿದ ಕೋಳಿಮರಿಯ ಹಾಗೆ ಎಲ್ಲೆಲ್ಲೋ ಓಡುತ್ತಿತ್ತು.

ನಿಮ್ಮಲ್ಲಿ ದೊಡ್ಡವಳು ಆಗ ಹೈಸ್ಕೂಲು. ಅವಳೇ ನನ್ನ ಮೇಷ್ಟ್ರು.

"ಎಡಗೈಲಿ ಹಿಡ್ಕೋ ಅಜ್ಜಿ, ಏನೂ ಆಗಲ್ಲ."

"ಸರಸ್ವತೀನ ಎಡಗೈಲಿ ಮುಟ್ತಾರಾ? ಬ್ಯಾಡ ಕಣವ್ವ."

"ಅಪ್ಪ ದಿನಾ ಮುಟ್ತಾರಲ್ಲ!"

"ನಿಮ್ಮಪ್ಪಂಗೆ ಅದೇ ಬಲಗೈ."

ಅವಳು ಬಿದ್ದು ಬಿದ್ದು ನಕ್ಕಳು. "ಸರಿ ಬಿಡು, ಮೌಸೇ ಬೇಡ. ಟ್ಯಾಬ್ ಒತ್ತಿದ್ರೆ ಮುಂದೆ ಹೋಗತ್ತೆ. ಶಿಫ್ಟ್ ಹಿಡ್ಕೊಂಡು ಟ್ಯಾಬ್ ಒತ್ತಿದ್ರೆ ಹಿಂದೆ. ಎಂಟರ್ ಒತ್ತಿದ್ರೆ ಬಾಗಿಲು ತೆಗೆಯತ್ತೆ. ಬ್ಯಾಕ್‌ಸ್ಪೇಸ್ ಒತ್ತಿದ್ರೆ ಬಂದ ಪುಟಕ್ಕೆ ವಾಪಸ್ಸು. ಆಯ್ತಾ?"

ಮಧ್ಯಾಹ್ನ ನೀವೆಲ್ಲ ಶಾಲೆಗೆ, ಕೆಲಸಕ್ಕೆ ಹೋದ ಮೇಲೆ ಕಂಪ್ಯೂಟರಿನ ಹೊದಿಕೆ ತೆಗೆದು ಕೂರುತ್ತಿದ್ದೆ. ವಾಯುನೆಲೆಯ ವಿಮಾನವೊಂದು ಗುಡುಗಿಕೊಂಡು ಹೋಗುತ್ತಿತ್ತು, ಅದರ ಹಿಂದೆಯೇ ಮನೆ ಮೊದಲಿಗಿಂತ ಹೆಚ್ಚು ಸದ್ದಿಲ್ಲದಾಗುತ್ತಿತ್ತು. ಟ್ಯಾಬ್ ಒತ್ತಿದರೆ ಒಂದು ಸಾಲಿನ ಸುತ್ತ ಚುಕ್ಕಿಗಳ ಸಣ್ಣ ಚೌಕಟ್ಟು ಮೂಡುತ್ತಿತ್ತು. ಮತ್ತೆ ಒತ್ತಿದರೆ ಪಕ್ಕದ ಸಾಲಿಗೆ. ರಂಗೋಲಿಯ ಚುಕ್ಕಿಗಳು ತಾವಾಗಿಯೇ ಎದ್ದು ನಡೆದ ಹಾಗೆ. ಮೌಸ್ ಹಿಡಿದವರು ಬೇಕಾದ ಕಡೆಗೆ ನೆಟ್ಟಗೆ ಹಾರುತ್ತಾರೆ. ನಾನು ಬೀದಿಯ ಒಂದು ಮನೆಯನ್ನೂ ಬಿಡದೆ ದಾಟಬೇಕಿತ್ತು. ನನಗದೇ ಹಿತವಾಗಿತ್ತು. ಯಾರದೋ ಊರಿನ ಕೆರೆ, ಯಾರದೋ ಒಲೆಯ ಮೇಲಿನ ಸಾರು, ಹೆಸರು ಗೊತ್ತಿಲ್ಲದ ಸಮುದ್ರ, ಹಿಮ. ಎಲ್ಲದರ ಮುಂದೆಯೂ ಒಂದು ಗಳಿಗೆ ನಿಂತು, ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದೆ. ಎಷ್ಟೋ ಸಲ ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುತ್ತಿರಲಿಲ್ಲ.

ಹಾಗೆ ಹೋಗುವಾಗ ಹೆಂಗಸರು ಪ್ರಶ್ನೆ ಕೇಳುವ ಒಂದು ಕನ್ನಡ ಪುಟ ಸಿಕ್ಕಿತು. ಅಲ್ಲಿ ಒಬ್ಬ ಹುಡುಗಿ ಬರೆದಿದ್ದಳು: 'ಗಂಡ ತೀರಿಕೊಂಡು ಎಂಟು ತಿಂಗಳಾಯಿತು. ಈ ಭಾನುವಾರ ಮಗಳ ಮೊದಲ ಹುಟ್ಟುಹಬ್ಬ. ಆರತಿಗೆ ನೀನು ಮುಂದೆ ಬರಬೇಡ, ನಾದಿನಿ ಮಾಡಲಿ ಅನ್ನುತ್ತಾರೆ. ನನ್ನ ಮಗುವಿಗೆ ನಾನು ಆರತಿ ಎತ್ತಬಾರದೇ?'

ಕೆಳಗೆ ಉತ್ತರಗಳಿದ್ದವು. ಹಿರಿಯರು ಹೇಳಿದ ಹಾಗೆ ಕೇಳಮ್ಮ. ಮಗುವಿನ ಒಳ್ಳೆಯದಕ್ಕೇ ತಾನೆ. ಒಂದು ದಿನ ಹಿಂದೆ ನಿಂತರೆ ಏನು ಹೋಗುತ್ತದೆ?

ಮುಂದೆ ಹೋಗೋಣವೆಂದು ಟ್ಯಾಬ್ ಒತ್ತಿದೆ. ಚುಕ್ಕಿಗಳು ಮಾಯವಾದವು. ಬಿಳಿಯ ಖಾಲಿ ಚೌಕವೊಂದರಲ್ಲಿ ಸಣ್ಣ ಗೆರೆಯೊಂದು ಮಿಣುಕುತ್ತ ನಿಂತಿತು. ಮೇಲೆ 'ನಿಮ್ಮ ಅಭಿಪ್ರಾಯ' ಎಂದಿತ್ತು. ಮೌಸ್ ಕೈಯಲ್ಲಿದ್ದಿದ್ದರೆ ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ. ಟ್ಯಾಬ್ ಯಾವ ಹೊಸಿಲನ್ನೂ ಬಿಡುವುದಿಲ್ಲವಲ್ಲ. ಶಿಫ್ಟ್ ಹಿಡಿದು ಹಿಂದಕ್ಕೆ ಓಡಿದೆ. ಮಾರನೆಯ ದಿನವೂ ಹೋದೆ, ಮತ್ತೆ ಓಡಿಬಂದೆ.

ನಿಮ್ಮ ತಾತ ಹೋದ ಮೇಲೆ ಮನೆಯಲ್ಲಿ ಯಾವುದೇ ಆರತಿಯಾದರೂ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಹೋಗು ಅಂತ ಯಾರೂ ಹೇಳಿದವರಲ್ಲ. ಪಾಯಸ ತಳ ಹಿಡಿಯುತ್ತದೆ ಅನ್ನುತ್ತಿದ್ದೆ. ಹಾಡು ಒಳಗೆ ಕೇಳಿಸುತ್ತಿತ್ತು. ದೀಪದ ಬೆಳಕು ನಿಮ್ಮ ಕೆನ್ನೆಯ ಮೇಲೆ ಹೇಗೆ ಬಿದ್ದಿರಬಹುದೆಂದು ಸೌಟು ತಿರುವುತ್ತ ನೆನೆಸಿಕೊಳ್ಳುತ್ತಿದ್ದೆ.

ಶನಿವಾರ ಆ ಚೌಕದಲ್ಲೇ ಕೂತೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಹಾಗೆ ದೊಡ್ಡವಳು ಮಾಡಿಕೊಟ್ಟಿದ್ದಳು. ಉದ್ದಕ್ಕೆ ಬರೆದೆ. ನಮ್ಮತ್ತೆಯ ಕಾಲ ಹೇಗಿತ್ತು, ಈಗ ಹೇಗಿದೆ, ತಪ್ಪು ತಿಳಿಯಬೇಡಿ, ದೊಡ್ಡವರನ್ನೂ ಒಂದು ಮಾತು ಕೇಳಿ. ಪ್ರಶ್ನೆಯನ್ನು ಇನ್ನೊಮ್ಮೆ ಓದಲೆಂದು ಚೌಕ ಬಿಟ್ಟು ಹಿಂದಕ್ಕೆ ಹೋದೆ. ಹೊರಗೆ ಬಂದಿದ್ದೇನೆಂಬುದನ್ನು ಮರೆತು, ಕೊನೆಯ ಅಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತಿದೆ. ಚೌಕದೊಳಗೆ ಒಂದು ಅಕ್ಷರ ಅಳಿಸುವ ಗುಂಡಿ ಹೊರಗೆ ಇಡೀ ಪುಟವನ್ನೇ ಹಿಂದಕ್ಕೆ ಕರೆದುಕೊಂಡು ಹೋಯಿತು. ಪರದಾಡಿ ವಾಪಸ್ಸು ಬಂದರೆ ಚೌಕ ಖಾಲಿ.

ಗೇಟಿನಲ್ಲಿ ನಿಮ್ಮ ಶಾಲೆಯ ವ್ಯಾನಿನ ಹಾರ್ನ್ ಕೇಳುವ ಹೊತ್ತಾಗುತ್ತ ಬಂದಿತ್ತು. ಬೆಳಗಾದರೆ ಭಾನುವಾರ. ಅಷ್ಟುದ್ದ ಬರೆದದ್ದರಲ್ಲಿ ಆ ಹುಡುಗಿ ಕೇಳಿದ್ದಕ್ಕೆ ಉತ್ತರವೇ ಇರಲಿಲ್ಲ ಅನ್ನಿಸಿತು. ಮತ್ತೆ ಬರೆದೆ: 'ಮಗು ನಿನ್ನದು ತಾಯಿ. ಆರತಿ ನೀನೇ ಎತ್ತು.' ಹೆಸರು ಕೇಳಿತು. 'ಅಜ್ಜಿ' ಅಂತ ಹಾಕಿ ಕಳಿಸಿದೆ.

ಸೋಮವಾರ ಅವಳ ಉತ್ತರ ಬಂದಿತ್ತು. 'ನಾನೇ ಎತ್ತಿದೆ ಅಜ್ಜಿ. ಅತ್ತೆ ಮುಖ ತಿರುಗಿಸಿಕೊಂಡರು. ಪಾಪು ಮಾತ್ರ ದೀಪ ಹಿಡಿಯೋಕೆ ಕೈ ಚಾಚಿ ನಗ್ತಾ ಇತ್ತು. ನೀವೂ ನಿಮ್ಮ ಮೊಮ್ಮಕ್ಕಳಿಗೆ ಮಾಡ್ತೀರಲ್ಲ?'

ಹೌದು ಎಂದು ಬರೆಯಲು ಕೈ ಬರಲಿಲ್ಲ. ಗೆರೆ ಮಿಣುಕುತ್ತಲೇ ಇತ್ತು. ನಾನು ಹೊದಿಕೆ ಮುಚ್ಚಿ ಎದ್ದುಬಿಟ್ಟೆ.

ಅದೇ ತಿಂಗಳು ಚಿಕ್ಕವನ ಹುಟ್ಟುಹಬ್ಬ. ಆರತಿ ತಟ್ಟೆಗೆ ಇಬ್ಬರು ಬೇಕು. ನಿಮ್ಮಮ್ಮ ಎಂದಿನಂತೆ ಪಕ್ಕದ ಮನೆಯಾಕೆಯನ್ನು ಕರೆಯಲು ಹೊರಟಿದ್ದಳು.

"ಅವ್ರನ್ನ ಯಾಕೆ ಕರೀತೀಯ," ಅಂದೆ. "ಆ ಕಡೆ ನಾನು ಹಿಡ್ಕೋತೀನಿ."

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. "ಪ್ರತಿ ಸಲ ನಾನು ಕರೀತೀನಿ, ನೀವು ಪಾಯಸ ಪಾಯಸ ಅಂತ ಒಳಗೆ ಓಡ್ತೀರ. ಇವತ್ತು ಪಾಯಸಕ್ಕೆ ಏನಾಯ್ತು ಅತ್ತೆ?"

"ಸೀಯ್ಲಿ ಬಿಡು."

"ಬೇಗ ಮಾಡಿ, ಕೇಕ್ ಕಟ್ ಮಾಡ್ಬೇಕು!" ಅಂತ ಮಣೆಯ ಮೇಲಿಂದ ಚಿಕ್ಕವನು ಕೂಗಿದ.

ತಟ್ಟೆಯಲ್ಲಿ ಕುಂಕುಮದ ನೀರು ತುಳುಕಿ ನನ್ನ ಬೆರಳೆಲ್ಲ ಕೆಂಪಾಯಿತು. ದೀಪದ ಬೆಳಕು ಅವನ ಕೆನ್ನೆಯಿಂದ ಮೂಗಿಗೆ, ಮೂಗಿನಿಂದ ಹಣೆಗೆ ಏರಿತು. ನಾನು ನೆನೆಸಿಕೊಂಡಿದ್ದಂತಲ್ಲ, ಬೇರೆಯೇ ಇತ್ತು.

ನೀವೆಲ್ಲ ಕೇಕಿನ ಸುತ್ತ ಇದ್ದಾಗ ನಾನು ಮೆಲ್ಲಗೆ ಕಂಪ್ಯೂಟರಿಗೆ ಹೋದೆ. 'ಮಾಡಿದೆ ಕಣಮ್ಮ' ಎಂದು ಬರೆದು ಕಳಿಸಿದೆ. ಕೈ ತೊಳೆದುಕೊಳ್ಳುವುದು ನೆನಪಾಗಲಿಲ್ಲ. ಎಂಟರ್ ಗುಂಡಿಯ ಮೇಲೆ ಕೆಂಪು ಮಾಡಿದ್ದು ಯಾರು ಅಂತ ಮಾರನೆಯ ದಿನ ನಿಮ್ಮಪ್ಪ ನಿಮ್ಮಿಬ್ಬರನ್ನೂ ಬೈದನಲ್ಲ, ಅದು ನಾನು.