ಅತ್ತೆಯ ಮಡಿಕೆ, ಸೊಸೆಯ ಮಡಿಕೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಬೆಡ್‌ಶೀಟ್ ಮಡಿಸುತ್ತಲೇ ತಲೆ ನರೆತಿತ್ತು. ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಜೊತೆಗಾತಿಯ ಕೈಯಲ್ಲಿ. ಕೊಡವಿ, ಜಗ್ಗಿ, ಅಂಚಿಗೆ ಅಂಚು ಸೇರಿಸಿ ಎದುರುಬದುರು ನಡೆದು ಬಂದರೆ ಮುಗಿಯಿತು.

ಹಳೆಯ ಜೊತೆಗಾತಿ ನಿವೃತ್ತಳಾದಾಗ ಇಸ್ತ್ರಿಯಕ್ಕ ತನ್ನ ಸೊಸೆಯನ್ನೇ ಕರೆತಂದಳು. "ಇವಳ ಜವಾಬ್ದಾರಿ ನಂದು" ಎಂದು ಮೇಲ್ವಿಚಾರಕಿಯ ಮುಂದೆ ಎದೆ ತಟ್ಟಿ ಹೇಳಿದಳು. ಮನೆಯಲ್ಲಿ ತಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ.

ಬೆಡ್‌ಶೀಟ್ ಅದನ್ನು ಬಯಲು ಮಾಡಿತು. ಅತ್ತೆ ಕಿಟಕಿಯ ಕಡೆಯ ಅಂಚನ್ನು ಬಾಗಿಲ ಕಡೆಗೆ ತಂದರೆ, ಎದುರಿದ್ದ ಸೊಸೆ ಬಾಗಿಲ ಕಡೆಯದನ್ನು ಕಿಟಕಿಯತ್ತ ಒಯ್ಯುವಳು. ಬಟ್ಟೆ ಹಗ್ಗದಂತೆ ಹುರಿಗಟ್ಟುವುದು. ಇಬ್ಬರೂ ತಮ್ಮ ತಮ್ಮ ಬಲಗೈಯಿಂದ ಮಡಿಸುವ ಅಭ್ಯಾಸ ಬಿಡಲೊಲ್ಲರು.

"ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಸೊಸೆ ಮನೇಲೇ ಇರ್ಲಿ" ಎಂದು ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿಬಿಟ್ಟಳು.

ಊಟದ ಹೊತ್ತಿಗೆ ಇಸ್ತ್ರಿಯಕ್ಕ ಡಬ್ಬಿ ಬಿಚ್ಚಿ ಕೂತಳು. ಹಳೆಯ ಜೊತೆಗಾತಿಯೊಡನೆ ಒಮ್ಮೆಯೂ ಹೀಗಾಗಿರಲಿಲ್ಲವಲ್ಲ! ಯೋಚಿಸಿದಾಗ ಹೊಳೆಯಿತು: ಆ ಪುಣ್ಯಾತ್ಗಿತ್ತಿ ಇಷ್ಟು ವರ್ಷವೂ ತುಟಿ ಪಿಟಕ್ಕೆನ್ನದೆ ತನ್ನ ಎಡಗೈಯನ್ನೇ ಪಳಗಿಸಿಕೊಂಡಿದ್ದಳು. ಇಸ್ತ್ರಿಯಕ್ಕನಿಗೆ ನಾಚಿಕೆಯಾಯಿತು. ಈ ಸಲ ತಾನೇ ಸೋಲಬೇಕೆಂದು ನಿರ್ಧರಿಸಿದಳು.

ಊಟದ ನಂತರದ ಮೊದಲ ಬೆಡ್‌ಶೀಟು. ಇಸ್ತ್ರಿಯಕ್ಕ ಉಸಿರು ಬಿಗಿಹಿಡಿದು ಬಾಗಿಲ ಕಡೆಯ ಅಂಚೆತ್ತಿದಳು. ಅದೇ ಗಳಿಗೆಗೆ ಸೊಸೆ ಕಿಟಕಿಯ ಕಡೆಯದನ್ನೆತ್ತಿದಳು. ಮತ್ತೆ ಹಗ್ಗ!

"ಈಗ್ಯಾಕೆ ಆ ಕಡೆಯಿಂದ ತಂದ್ರಿ?" ಸೊಸೆ ರೇಗಿದಳು.

"ನಿನಗೋಸ್ಕರ ಕಣೇ!"

"ಅಯ್ಯೋ, ನಾನೂ ನಿಮಗೋಸ್ಕರಾನೇ ಅತ್ತೆ!"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕಣ್ಣೊರೆಸಿಕೊಂಡು ಇಸ್ತ್ರಿಯಕ್ಕ ಹೇಳಿದಳು: "ಬಾಯಿ ಬಿಟ್ಟು ಮಾತಾಡಿದ್ರೆ ನಮ್ಮ ಗಂಟೇನೂ ಹೋಗಲ್ಲ. ಬೆಳಿಗ್ಗೆ ನನ್ನ ಕಡೆ, ಊಟ ಆದ್ಮೇಲೆ ನಿನ್ನ ಕಡೆ. ಒಪ್ಪಿಗೇನಾ?"

"ಒಪ್ಪಿಗೆ. ಆದ್ರೆ ಇವತ್ತು ಬೆಳಿಗ್ಗೆ ಆಡಿದ ಜಗಳ ಲೆಕ್ಕಕ್ಕಿಲ್ಲ."

ಸಂಜೆಗೆ ಮೇಜಿನ ಮೇಲೆ ಬೆಡ್‌ಶೀಟುಗಳು ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂತಿದ್ದವು. ಮೇಲ್ವಿಚಾರಕಿ ಅಂಚು ಸವರಿ ನೋಡಿ, ಸೊಸೆಯನ್ನು ಕೇಳಿದಳು: "ಕೆಲಸ ಗಟ್ಟಿಯಾಯ್ತು ಬಿಡು. ನಾಳೆಯಿಂದ ನಿನಗೆ ಬೇರೆ ಜೊತೆ ಕೊಡ್ಲಾ?"

ಇಸ್ತ್ರಿಯಕ್ಕ ಥಟ್ಟನೆ ಸೊಸೆಯ ಮುಖ ನೋಡಿದಳು.

"ಬೇಡ ಮೇಡಂ," ಎಂದಳು ಸೊಸೆ, "ಇವರ ಜೊತೆ ಜಗಳ ಆಡೋಕೆ ಮನೇಲಿ ಟೈಮೇ ಸಾಲಲ್ಲ."