ಡೊಬ್ರಿಲಾಳ ಆಯ್ಕೆಯ ಹಾಡು

ಭಾನುವಾರ ಮಧ್ಯಾಹ್ನ ನಮ್ಮೂರಿನಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ರೇಡಿಯೋದಲ್ಲಿ ಡೊಬ್ರಿಲಾ "ನಮಸ್ಕಾರ, ಎಲ್ಲರೂ ಕೂತ್ರಾ?" ಅಂದಳೆಂದರೆ ತಟ್ಟೆಗೆ ಸೂಪು ಬೀಳಬೇಕು. ಹಿರಿಯರ ಹುಟ್ಟುಹಬ್ಬಗಳನ್ನು ಅವಳು ಓದಿ ಮುಗಿಸುವಷ್ಟರಲ್ಲಿ ಸೂಪು ಖಾಲಿ. ಸೈನ್ಯಕ್ಕೆ ಹೊರಟ ಹುಡುಗರ ಹೆಸರು ಬರುವಾಗ ಹುರಿದ ಕೋಳಿ, ಮದುವೆಗಳ ಸರದಿಗೆ ಗಸಗಸೆ ತುಂಬಿದ ಸಿಹಿ ಸುರುಳಿ. ಬನಾತ್ ಬಯಲಿನ ಯಾವ ಮನೆಯಲ್ಲೂ ಈ ಕ್ರಮ ತಪ್ಪುತ್ತಿರಲಿಲ್ಲ. ಊರಿಗೆಲ್ಲ ಊಟ ಬಡಿಸುತ್ತಿದ್ದ ನಾವಿಬ್ಬರು ಮಾತ್ರ, ನನ್ನ ಹೆಂಡತಿ ಕ್ಯಾರಿಯರ್‌ನಲ್ಲಿ ಕಳಿಸಿದ ಸೂಪನ್ನು ಎಲ್ಲ ಮುಗಿದ ಮೇಲೆ ತಣ್ಣಗೆ ಕುಡಿಯುತ್ತಿದ್ದೆವು.

ನಾವಿಬ್ಬರು ಎಂದರೆ, ಗಾಜಿನ ಆ ಕಡೆ ಮೈಕಿನ ಮುಂದೆ ಡೊಬ್ರಿಲಾ, ಈ ಕಡೆ ಟೇಪು ತಿರುಗಿಸುವ ನಾನು, ಪಾವ್ಲೆ. ಯುಗೊಸ್ಲಾವಿಯಾ ಇನ್ನೂ ಒಂದೇ ದೇಶವಾಗಿದ್ದ ಕಾಲ ಅದು. ಅವಳು ಮೊದಲು ಸಕ್ಕರೆ ಕಾರ್ಖಾನೆಯ ಧ್ವನಿವರ್ಧಕದಲ್ಲಿ ಪಾಳಿ ಬದಲಾವಣೆ ಕೂಗುತ್ತಿದ್ದವಳು. ಆ ದನಿ ಕೇಳಿ ಯಾರೋ ರೇಡಿಯೋಗೆ ಕರೆತಂದರು. ಓದು ಹೆಚ್ಚಿಲ್ಲ, ಗಂಡನಿಲ್ಲ, ಬಾಯಿಗೆ ಬೀಗವಂತೂ ಇಲ್ಲವೇ ಇಲ್ಲ. ನನಗೆ ಆಗಾಗ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಅವಳಿಲ್ಲದ ದಿನ ಮಾತ್ರ ಕೆಲಸವೇ ಬೇಡ ಅನ್ನಿಸುತ್ತಿತ್ತು.

ಆ ವರ್ಷ ವಸಂತದಲ್ಲಿ ಅವಳು ಒಗೆದ ಹೊದಿಕೆ ಹರವಲು ತನ್ನ ಕಟ್ಟಡದ ನೆಲಮಾಳಿಗೆಗೆ, ಬಟ್ಟೆ ಒಣಗಿಸುವ ಕೋಣೆಗೆ ಇಳಿದಳು. ಅಲ್ಲಿ ನಾಲ್ವರು ಹುಡುಗರು ಹಗ್ಗದ ಮೇಲೆ ಗಿಟಾರಿನ ವೈರು ನೇತುಹಾಕಿಕೊಂಡು ಹಾಡುತ್ತಿದ್ದರು. ಬೈಯಲೆಂದು ಬಾಯಿ ತೆರೆದವಳು ಹಾಗೇ ಬುಟ್ಟಿಯ ಮೇಲೆ ಕೂತುಬಿಟ್ಟಳಂತೆ. ಹೊದಿಕೆ ಬುಟ್ಟಿಯಲ್ಲೇ ಮುಗ್ಗಲು ಹಿಡಿಯಿತು. ಮರುದಿನ ಬಂದವಳೇ ನನ್ನ ಜೀವ ತಿನ್ನತೊಡಗಿದಳು.

"ಪಾವ್ಲೆ, ರೆಕಾರ್ಡಿಂಗ್ ಮೆಷೀನ್ ಎತ್ಕೊಂಡು ಬಾ ನಮ್ಮನೆ ಕೆಳಗೆ."

"ಸರ್ಕಾರಿ ಮೆಷೀನ್ ಕಣೇ ಅದು. ನಿನ್ನ ಹೊದಿಕೆ ಒಗಿಯೋದಲ್ಲ."

"ಹಾಡು ಕೇಳಿ ಆಮೇಲೆ ಮಾತಾಡು. ಕೇಳ್ದೆ ಮಾತಾಡೋಕೆ ನೀನೇನು ನಿರ್ದೇಶಕನಾ?"

ಹೋದೆ. ಹುಡುಗರ ತಂಡದ ಹೆಸರು 'ಒದ್ದೆ ಕಾಲುಚೀಲ'. ತಲೆಯ ಮೇಲೆ ನಿಜಕ್ಕೂ ಕಾಲುಚೀಲಗಳು ತೊಟ್ಟಿಕ್ಕುತ್ತಿದ್ದವು. ಹಾಡುವವನು ತಿಹೋಮಿರ್, ಸಣಕಲು ಹುಡುಗ, ಮಾತಾಡುವಾಗ ನೆಲ ನೋಡುತ್ತಿದ್ದ. ಗಂಟೆಯಿಲ್ಲದ ಸೈಕಲ್ಲಿನ ಮೇಲೆ ಬರುವ ಒಬ್ಬ ಹುಡುಗಿಯ ಹಾಡು ಅದು. ಸದ್ದೇ ಇಲ್ಲದೆ ಬಂದು ಹೋಗುತ್ತಾಳೆ, ಇವನು ತಿರುಗಿ ನೋಡುವಷ್ಟರಲ್ಲಿ ಮೂಲೆ ದಾಟಿರುತ್ತಾಳೆ. ಗಿಟಾರು ಚೂರು ಶ್ರುತಿ ತಪ್ಪಿತ್ತು, ಗೋಡೆಗಳು ಪ್ರತಿಧ್ವನಿಸುತ್ತಿದ್ದವು. ಆದರೂ ಕೇಳಿದ ಮೇಲೆ ಮನೆವರೆಗೂ ಸೈಕಲ್ ತುಳಿಯುತ್ತ ಅದನ್ನೇ ಗುನುಗಿದೆ. ಡೊಬ್ರಿಲಾಗೆ ಮಾತ್ರ ಅದನ್ನು ಹೇಳಲಿಲ್ಲ.

ಗುರುವಾರ ಸಂಜೆಯ ಯುವಜನರ ಕಾರ್ಯಕ್ರಮದಲ್ಲಿ ಅವಳು ನಾನು ರೆಕಾರ್ಡ್ ಮಾಡಿದ ಆ ಹಾಡನ್ನು ಮತ್ತೆ ಮತ್ತೆ ಹಾಕಿದಳು. ಆ ಹೊತ್ತಿಗೆ ಟೀವಿಯಲ್ಲಿ ಧಾರಾವಾಹಿ ಬರುತ್ತಿದ್ದುದರಿಂದ ನಮ್ಮಿಬ್ಬರ ಹೊರತು ಯಾರೂ ಕೇಳಲಿಲ್ಲ. ತಿಹೋಮಿರ್‌ಗೆ ಶರತ್ಕಾಲಕ್ಕೆ ಕಡ್ಡಾಯ ಸೈನ್ಯಸೇವೆಯ ಕರೆ ಬಂದಿತ್ತು. ಅವನು ಹೋದರೆ ತಂಡ ಮುಗಿದಂತೆಯೇ.

"ಹೋಗೋ ಮುಂಚೆ ಒಂದೇ ಒಂದ್ಸಲ ಇಡೀ ಊರು ಕೇಳ್ಬೇಕು," ಅಂದಳು ಡೊಬ್ರಿಲಾ. "ಭಾನುವಾರದ ಊಟದ ಹೊತ್ತಲ್ಲಿ."

ಭಾನುವಾರ ಪ್ರತಿ ಹೆಸರಿನ ಜೊತೆ ಹಾಕುವ ಹಾಡನ್ನು ಆರಿಸುವುದು ಶುಭಾಶಯ ಕಳಿಸಿದ ಮನೆಯವರು. ಅವರೋ ಅಕಾರ್ಡಿಯನ್ನು, ನಮ್ಮ ಕಡೆಯ ಮೀಟುವಾದ್ಯ ತಂಬುರಾ, ಇವೆರಡನ್ನು ಬಿಟ್ಟು ಬೇರೇನೂ ಕೇಳುವವರಲ್ಲ. ಆದರೆ ಎಷ್ಟೋ ಜನ ಯೋಚಿಸಲು ಸೋಮಾರಿತನ ಪಟ್ಟು, 'ಹಾಡು: ಡೊಬ್ರಿಲಾಳ ಆಯ್ಕೆ' ಎಂದು ಬರೆಸಿ ಹೋಗುತ್ತಿದ್ದರು. ಅಂಥದಕ್ಕೂ ಅವಳು ಅಕಾರ್ಡಿಯನ್ನೇ ಹಾಕುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಆ ಭಾನುವಾರ ಮಾತ್ರ, ಸೈಕಲ್ ರಿಪೇರಿಯ ಲಾಯೋಶ್ ಬಾಚಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ, ಅವಳು ನಿಜಕ್ಕೂ ತನ್ನ ಆಯ್ಕೆಯ ಹಾಡು ಹಾಕಿದಳು. ಹಂಗೇರಿಯನ್ ಹಿರಿಯರನ್ನು ನಮ್ಮಲ್ಲಿ ಎಲ್ಲರೂ ಬಾಚಿ ಎಂದೇ ಕರೆಯುವುದು.

ಹಾಡು ಅರ್ಧಕ್ಕೆ ಬಂದಿತ್ತು. ನಮ್ಮ ನಿರ್ದೇಶಕ ರಾಂಕೋವ್ ಎದುರು ಮನೆಯಿಂದ ಓಡಿಬಂದ, ಕತ್ತಿನ ಕರವಸ್ತ್ರದ ಮೇಲೆ ಸೂಪಿನ ಕಲೆ. ನನ್ನ ಭುಜದ ಮೇಲಿಂದ ಕೈ ಚಾಚಿ ಹಾಡನ್ನು ಕತ್ತರಿಸಿಯೇಬಿಟ್ಟ.

"ಜನ ಊಟ ಮಾಡ್ಬೇಕೋ ಬೇಡ್ವೋ? ನಾಳೆಯಿಂದ ಮೈಕ್ ಮುಟ್ಬೇಡ. ವಾಪಸ್ ಸಕ್ಕರೆ ಕಾರ್ಖಾನೆಗೆ ಹೋಗಿ ಅಲ್ಲಿ ಕೂಗ್ಕೋ."

ಡೊಬ್ರಿಲಾ ಅಳಲಿಲ್ಲ. ಸೂಪನ್ನೂ ಕುಡಿಯಲಿಲ್ಲ. ಅದರಿಂದ ನನಗೆ ಹೆಚ್ಚು ನೋವಾಯಿತು.

ಸೋಮವಾರ ಬೆಳಿಗ್ಗೆ ಲಾಯೋಶ್ ಬಾಚಿ ಸೈಕಲ್ಲನ್ನು ಬಾಗಿಲಿಗೆ ಒರಗಿಸಿ, ಟೋಪಿಯನ್ನೂ ತೆಗೆಯದೆ ಒಳಗೆ ನುಗ್ಗಿದರು. ಮುಖ ಕೆಂಡವಾಗಿತ್ತು. ರಾಂಕೋವ್‌ಗೆ ಖುಷಿಯೋ ಖುಷಿ. ದೂರು ಕೇಳಿಸಿಕೊಳ್ಳಲಿ ಎಂದೇ, ಸಾಮಾನು ಕಟ್ಟುತ್ತಿದ್ದ ಡೊಬ್ರಿಲಾಳನ್ನು ಕರೆಸಿ ಎದುರು ನಿಲ್ಲಿಸಿದ.

"ಹೇಳಿ ಬಾಚಿ, ನಿಮ್ಮ ಹಬ್ಬ ಹಾಳು ಮಾಡಿದ್ದು ಯಾರು?"

"ಅದನ್ನೇ ಕೇಳಾಕ್ ಬಂದೀನಿ," ಅಂದರು ಮುದುಕ. "ನನ್ ಹಾಡ್ನ ಅರ್ಧಕ್ಕೆ ಕತ್ರಿಸ್ದೋನು ಯಾವನು?"

ರಾಂಕೋವ್ ಬಾಯಿ ಬಿಟ್ಟ. "ಆ ಗಲಾಟೆ ನಿಮಗೆ..."

"ಗಲಾಟೆಯೋ ಗಿಲಾಟೆಯೋ, ನನ್ ಹೆಸ್ರಲ್ಲಿ ಹಾಕಿದ್ದು! ಹುಟ್ಟಿದ್ ದಿನದ ಹಾಡು ಅರ್ಧಕ್ಕೆ ನಿಂತ್ರೆ ಏನರ್ಥ ಅಂತ ನಿಮ್ಮಜ್ಜಿ ಹೇಳ್ಕೊಟ್ಟಿಲ್ವೇನಯ್ಯಾ? ನನ್ ಹೆಂಡ್ತಿ ರಾತ್ರಿಯೆಲ್ಲಾ ಎದ್ದೆದ್ದು ನಾನು ಉಸಿರಾಡ್ತಿದೀನೋ ಇಲ್ವೋ ನೋಡ್ತಿದ್ಲು. ನಾನೇನಾರ ಈ ವಾರ ಹೋದ್ನೋ, ಊರೆಲ್ಲಾ ನಿನ್ ಕಡೆ ಬೆರಳು ತೋರ್ಸತ್ತೆ."

ರಾಂಕೋವ್ ಕಮ್ಯುನಿಸ್ಟ್ ಪಕ್ಷದ ಸದಸ್ಯ. ಶಕುನವನ್ನೆಲ್ಲ ನಂಬುವುದಿಲ್ಲ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಿದ್ದವನು. ಅವನ ಬೆರಳು, ಕೆಟ್ಟದ್ದು ತಾಗದಿರಲೆಂದು ನಮ್ಮ ಕಡೆ ಎಲ್ಲರೂ ಮಾಡುವಂತೆ, ಮೆಲ್ಲಗೆ ಮೇಜಿನ ಕೆಳಗಿನ ಮರವನ್ನು ತಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

"ಆಯ್ತು ಬಾಚಿ. ಬರೋ ಭಾನುವಾರ ಪೂರ್ತಿ ಹಾಕಿಸ್ತೀನಿ."

"ಈಯಮ್ಮನೇ ಹಾಕ್ಬೇಕು. ನನ್ ಹೆಸ್ರು ಓದ್ದೋಳು ಇವ್ಳು, ಮುಗ್ಸೋದೂ ಇವ್ಳೇ." ಬಾಗಿಲ ತನಕ ಹೋದವರು ತಿರುಗಿ ನಿಂತು, ದನಿ ತಗ್ಗಿಸಿ ಡೊಬ್ರಿಲಾಳನ್ನು ಕೇಳಿದರು: "ಅಲ್ಲಾ ಕಣಮ್ಮಾ, ಆ ಹುಡ್ಗಿ ಕಡೆಗೂ ಸೈಕಲ್ಗೆ ಗಂಟೆ ಹಾಕಿಸ್ಕೊಂಡ್ಳಾ?"

"ಭಾನುವಾರ ಕೇಳಿ ಬಾಚಿ," ಅಂದಳು ಡೊಬ್ರಿಲಾ. ಅವಳು ನಕ್ಕಿದ್ದು ನೋಡಿ ನನ್ನ ಎದೆ ಹಗುರಾಯಿತು. ಕಟ್ಟಿದ ಸಾಮಾನನ್ನು ಅಲ್ಲೇ ಬಿಚ್ಚಿದಳು.

ಭಾನುವಾರ ಹಾಡು ಪೂರ್ತಿ ಬಂತು. ಕೊನೆಯಲ್ಲಿ ಹುಡುಗಿ ಗಂಟೆ ಹಾಕಿಸಿಕೊಳ್ಳುತ್ತಾಳೆ, ಟ್ರಿಣ್ ಎಂದು ಬಾರಿಸುತ್ತಾಳೆ, ನಿಲ್ಲದೆ ಹೋಗುತ್ತಾಳೆ. ಊರಿಗೂರೇ ಉಸಿರು ಬಿಗಿಹಿಡಿದು ಕೇಳಿತು. ಹಾಡಿನ ಮೇಲಿನ ಪ್ರೀತಿಗಲ್ಲ, ಮುದುಕನ ಆಯುಷ್ಯದ ಚಿಂತೆಗೆ. ಆದರೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಅದು ಹೊರಗೆ ಹೋಗಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸರೂ ಗುನುಗತೊಡಗಿದರು. ಹುಡುಗಿಯರು ಬೇಕೆಂದೇ ತಿಹೋಮಿರ್‌ನ ಬೆನ್ನ ಹಿಂದೆ ಗಂಟೆ ಬಾರಿಸಿ ಹೋಗುತ್ತಿದ್ದರು. ಪಾಪ, ಅವನು ಕಿವಿಯವರೆಗೂ ಕೆಂಪಾಗುತ್ತಿದ್ದ.

ಇದೆಲ್ಲ ಹಿಡಿಸದಿದ್ದವಳು ಒಬ್ಬಳೇ, ತಿಹೋಮಿರ್‌ನ ತಾಯಿ ರೂಜಾ. ಡೊಬ್ರಿಲಾಳ ಕಟ್ಟಡದಲ್ಲೇ ಇದ್ದು, ಗಿರಣಿಯಲ್ಲಿ ದುಡಿದು ಒಬ್ಬಳೇ ಮಗನನ್ನು ಸಾಕಿದವಳು. "ಒಣಗಿಸೋ ಕೋಣೇಲಿ ಕೂತು ನನ್ ಮಗನ ತಲೆ ಕೆಡಿಸಿದ್ದೇ ನೀನು," ಎಂದು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಡೊಬ್ರಿಲಾಗೆ ಚುಚ್ಚುತ್ತಿದ್ದಳು.

ಹುಡುಗ ಹೊರಡುವ ಮುಂಚಿನ ಶನಿವಾರ ಅವಳು ರೇಡಿಯೋ ಕಚೇರಿಯ ಕಿಟಕಿಗೆ ಬಂದಳು. ಡೊಬ್ರಿಲಾಳೇ ಕೂತಿದ್ದಳು.

"ಮಗ ಸೈನ್ಯಕ್ಕೆ ಹೋಗ್ತಿದಾನೆ. ಹೆಸರು ಓದ್ಬೇಕು."

"ಓದ್ತೀನಿ ರೂಜಾ. ತಂಬುರಾದ ಹಾಡು ಹಾಕ್ಲಾ? ಎಲ್ಲ ತಾಯಂದ್ರೂ ಅದನ್ನೇ ಕೇಳೋದು."

ಹಾಗೆ ಕೇಳಿದವಳು ಡೊಬ್ರಿಲಾ! ತಂಡದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ತಾಯಿಯ ದಿನ ಅದು, ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು.

ರೂಜಾ ಕಿಟಕಿಯ ಕಟ್ಟೆಯ ಧೂಳನ್ನು ಅಂಗೈಯಿಂದ ಒರೆಸಿದಳು.

"ಬೇಡ. ಆ ಸೈಕಲ್ಲಿಂದೇ ಹಾಕು. ಪೂರ್ತಿ ಹಾಕು ಡೊಬ್ರಿಲಾ. ಅರ್ಧಕ್ಕೆ ನಿಲ್ಲಿಸ್ಬೇಡ. ಅವನು ವಾಪಸ್ ಬರ್ಬೇಕು ನಂಗೆ."

ಬಂದ. ಲಾಯೋಶ್ ಬಾಚಿ ಆಮೇಲೂ ಬಹಳ ವರ್ಷ ಬದುಕಿ, ಕಡೆಗೆ ಸೈಕಲ್ ಅಂಗಡಿಯನ್ನು ಅವನಿಗೇ ಬಿಟ್ಟುಹೋದರು. ತಂಡ ಮತ್ತೆ ಕೂಡಿ ದೊಡ್ಡ ಹೆಸರೇನೂ ಮಾಡಲಿಲ್ಲ. ಆದರೆ ಡೊಬ್ರಿಲಾಳ ಹುಟ್ಟುಹಬ್ಬಕ್ಕೆ ಆ ನಾಲ್ವರು ಬೋಳುತಲೆಯವರು ಈಗಲೂ ಅದೇ ಕೋಣೆಯಲ್ಲಿ ಸೇರುತ್ತಾರೆ. ಅವಳು ಅದೇ ಬುಟ್ಟಿಯ ಮೇಲೆ ಕೂತು, ಗಿಟಾರು ಇನ್ನೂ ಶ್ರುತಿ ತಪ್ಪಿದೆ ಎಂದು ಬೈಯುತ್ತಾಳೆ.

ರೂಜಾ ಕಿಟಕಿಗೆ ಬಂದುಹೋದ ಮರುದಿನ, ಆ ಭಾನುವಾರ, ಊರಿನ ಮನೆಗಳಲ್ಲಿ ಕೋಳಿ ಮೇಜಿಗೆ ಬರುವ ಹೊತ್ತಿಗೆ ಅವಳು ಹುಡುಗರ ಹೆಸರು ಓದತೊಡಗಿದಳು. ತಿಹೋಮಿರ್‌ನ ಸರದಿ ಬಂದಾಗ ಹಾಳೆಯನ್ನು ಕೆಳಗಿಟ್ಟಳು. ಗಾಜಿನ ಈಚೆಯಿಂದ ನಾನು ನೋಡಿದೆ, ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

"ಈ ಹಾಡು ನನ್ನ ಆಯ್ಕೆ ಅಲ್ಲ," ಅಂದಳು ಇಡೀ ಊರಿಗೆ. "ಅವನ ತಾಯಿ ಕೇಳಿದ್ದು."

ನಾನು ಟೇಪು ಬಿಟ್ಟೆ. ರಾಂಕೋವ್ ಬಾಗಿಲಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕೊನೆಯ ಗಂಟೆಯ ಸದ್ದು ಪೂರ್ತಿ ಅಡಗುವ ತನಕ ನಮ್ಮಲ್ಲಿ ಯಾರೂ ಏನನ್ನೂ ಮುಟ್ಟಲಿಲ್ಲ.